ಆ್ಯಸಿಡ್ಡಿನ ತೊಟ್ಟಿಲು

ಇಷ್ಟಕ್ಕೆಲ್ಲ ಕಾರಣ ಮಲಕಪ್ಪನ ತಮ್ಮನ ಮಗುವಿನ ನಾಮಕರಣ. ಬೆಳಗಾವಿ ಕಡೆಯ ಪದ್ಧತಿಯಂತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಉಸುರಿದ ಕೂಡಲೇ ಉಳಿದವರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಭಾನುವಾರ ತಂಗಿ ವರದಾ ಗುದ್ದು ತಿಂದದ್ದನ್ನು ನೋಡಿ ಮಲಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಸೋಮವಾರ ಅದೇ ಅವನಿಗೆ ಉಪಾಯವಾಗಿ ಹೊಳೆಯಿತು. ಅವನು ಪುಣೆಯ ಕಾತ್ರಜದ ಒಂದು ಟ್ಯೂಷನ್ ಕ್ಲಾಸಿನಲ್ಲಿ ರಸಾಯನಶಾಸ್ತ್ರದ ಹಂಗಾಮಿ ಮಾಸ್ತರ. ಅಂದು ಮುಖ್ಯಸ್ಥೆ ಹರ್ಷದಾ ಮೇಡಂ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ. ಹುಡುಗರೋ, ಯಾವ ಆ್ಯಸಿಡ್ ತೋರಿಸಿದರೂ ಹೆಸರಿನ ಕೊನೆಗೆ ಬಿಕ್ಕಳಿಕೆ ಬಂದವರಂತೆ 'ಇಕ್' ಎನ್ನುತ್ತಿದ್ದರು.

"ಪಾಠ ಬ್ಯಾಡ್ರಿ, ಆಟ ಆಡಸ್ರಿ," ಎಂದು ಗಣಿತದ ಮಾರ್ತಾಂಡ ಮಾಸ್ತರರು ಹುರಿದುಂಬಿಸಿದರು. ಆಟ ಕೆಟ್ಟರೆ ಹೋಗುವುದು ತಮ್ಮ ಕೆಲಸವಲ್ಲವಲ್ಲ.

ಮಲಕಪ್ಪ ರಟ್ಟಿನ ಡಬ್ಬಿಯನ್ನು ತೊಟ್ಟಿಲು ಮಾಡಿ, ನೀರಿನ ಬಾಟಲಿಗೆ ಸೂತ್ರ ಬರೆದ ಚೀಟಿ ಅಂಟಿಸಿ ಮಲಗಿಸಿದ.

"ಇದು ಕೂಸು. ಆಕ್ಸಿಜನ್ ಇಲ್ಲದಿದ್ದರೆ ಹೆಸರಿನ ಮುಂದೆ ಹೈಡ್ರೋ, ಕೊನೆಗೆ ಇಕ್. ಸಲ್ಫೇಟ್ ಇದ್ದರೆ ಸಲ್ಫ್ಯೂರಿಕ್. ಒಂದು ಆಕ್ಸಿಜನ್ ಕಮ್ಮಿಯಾಗಿ ಸಲ್ಫೈಟ್ ಆದರೆ ಸಲ್ಫ್ಯೂರಸ್. ಅತ್ತೆ ಹೆಸರು ಸರಿ ಹೇಳಿದರಷ್ಟೇ ಗುದ್ದಬೇಕು."

ಗುದ್ದುವ ಆಸೆಗೆ ಎಲ್ಲರಿಗೂ ನಿಯಮ ಬಾಯಿಪಾಠವಾಯಿತು. ಆದರೆ ಅತ್ತೆಯಾಗಲು ಯಾರೂ ಸಿದ್ಧರಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಹರ್ಷದಾ ಮೇಡಂ.

"ಅತ್ತೆ ಬಂದರು!" ಎಂದು ತರಗತಿ ಕೂಗಿತು.

ಮೇಡಂ ನಗುತ್ತ ಮರಾಠಿಯಲ್ಲಿ ಮಾತಾಡಿ, ಕೂಸಿನ ಹೆಸರು ಹೇಳಲು ತೊಟ್ಟಿಲ ಮೇಲೆ ಬಗ್ಗಿದರು. ಅವರು ಓದಿದ್ದು ವಾಣಿಜ್ಯ. ಚೀಟಿ ನೋಡಿ ತಡವರಿಸಿದಾಗ ಹುಡುಗರೇ, "ಸಲ್ಫೈಟ್, ಮೇಡಂ! ಅಸ್ ಬರುತ್ತೆ!" ಎಂದು ಅರಚಿದರು.

"ಸಲ್ಫ್ಯೂರಸ್ ಆ್ಯಸಿಡ್," ಎಂದರು ಮೇಡಂ.

ಸರಿಯುತ್ತರ. ರಜೆಯಲ್ಲೂ ಕ್ಲಾಸು ಇಟ್ಟಿದ್ದಕ್ಕೆ ಹುಡುಗರಿಗಿದ್ದ ಸಿಟ್ಟೆಲ್ಲ ಗುದ್ದಾಗಿ ಅವರ ಬೆನ್ನಿನ ಮೇಲೆ ಇಳಿಯಿತು. ಕನ್ನಡಕ ತೊಟ್ಟಿಲಿಗೆ ಬಿತ್ತು.

"ಇದೇನ್ರಿ ಮಲಕಪ್ಪ?" ಎಂದರು ಮೇಡಂ, ಬೆನ್ನು ನೆಟ್ಟಗೆ ಮಾಡುತ್ತ. ಅವರ ತವರು ಧಾರವಾಡ. ಸಿಟ್ಟು ಬಂದಾಗ ಮಾತ್ರ ಕನ್ನಡ. ಮಲಕಪ್ಪ ಆಟದ ನಿಯಮ ವಿವರಿಸಿದ. ಮೇಡಂ ಹುಡುಗರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಆ್ಯಸಿಡ್ಡುಗಳ ಹೆಸರು ಕೇಳಿದರು. ಒಂದು ಹೆಸರೂ ತಪ್ಪಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಹೊರಟುಹೋದರು.

ಸಂಜೆ ಎಲ್ಲ ಮಾಸ್ತರರ ಸಭೆ. ಮೇಡಂ ಮರಾಠಿಯಲ್ಲಿ ಘೋಷಿಸಿದರು: ಇನ್ನು ಎಲ್ಲ ಶಾಖೆಗಳಲ್ಲೂ ಇದೇ ತೊಟ್ಟಿಲಾಟ, ಹೆಸರು 'ಹರ್ಷದಾ ಪದ್ಧತಿ'. ಅದರ ತರಬೇತಿ ಮುಗಿಸಿದವರಷ್ಟೇ ಕಾಯಂ.

"ಅದು ನಂದೈತ್ರಿ!" ಎಂದು ಮಲಕಪ್ಪ ಪಕ್ಕಕ್ಕೆ ತಿರುಗಿ ಗೋಳಾಡಿದ.

"ಕೂಸು ಯಾರದರ ಇರ್ಲಿ," ಎಂದರು ಮಾರ್ತಾಂಡ ಮಾಸ್ತರರು, "ಹೆಸರಿಡೂದು ಅತ್ತಿ ಹಕ್ಕು."

ಮೇಡಂ ಡಬ್ಬಿ ತರಿಸಿ ಮೇಜಿನ ಮೇಲಿಟ್ಟರು. "ಬರ್ರಿ ಮಲಕಪ್ಪ, ಮೊದಲ ನೀವ ಅತ್ತಿ ಆಗ್ರಿ." ಮಾತು ಕನ್ನಡದಲ್ಲಿತ್ತು.

ಮಲಕಪ್ಪ ಬಗ್ಗಿದ. ಅದೇ ಬಾಟಲಿ. ತಪ್ಪು ಹೆಸರು ಹೇಳಿದರೆ ಬೆನ್ನು ಉಳಿಯುತ್ತದೆ, ಕೆಲಸ ಹೋಗುತ್ತದೆ. "ಸಲ್ಫ್ಯೂರಸ್," ಎಂದು ಉಸುರಿ ಕಣ್ಣು ಮುಚ್ಚಿಕೊಂಡ.

ಮೊದಲ ಗುದ್ದು ಮೇಡಂ ಅವರದೇ.

"ಭಾಳ ಛಲೋ," ಎಂದರು ಅವರು. "ದೀಪಾವಳಿ ತನಕಾ ದಿನಾ ಹಿಂಗ ತರಬೇತಿ ಅದ."