ಬಲಕ್ಕೆ ಬಿದ್ದ ಹೂವು

ಚಾಮರಾಜನಗರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ನೀಲಕಂಠಸ್ವಾಮಿಯ ಮುಂದೆ ಆ ವರ್ಷ ಕಂಪ್ಯೂಟರ್ ತಂದಿಟ್ಟರು. ಅದರ ಹಿಂದೆಯೇ ಬಿ.ಪಿ.ಯೂ ಬಂತು.

"ದಿನಾ ಬೆಳಗಿನ ಜಾವ ಕಣ್ಣು ಮುಚ್ಚಿ ಸುಮ್ಮನೆ ಕೂತ್ಕೊಳ್ಳಿ, ಉಸಿರು ಗಮನಿಸಿ. ಅದಕ್ಕೂ ಇಳೀಲಿಲ್ಲ ಅಂದ್ರೆ ಜೀವನಪೂರ್ತಿ ಮಾತ್ರೆ," ಎಂದರು ಡಾಕ್ಟರು.

ಮಾತ್ರೆಯ ಭಯಕ್ಕಿಂತ ಸ್ವಾಮಿಯನ್ನು ಹಿಡಿದದ್ದು ಕುತೂಹಲ. ಯೋಚನೆಯೆಲ್ಲ ನಿಂತ ಮೇಲೆ ಒಳಗೆ ಏನು ಉಳಿಯುತ್ತದೆ? ಬೇಯುವ ಅನ್ನದ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ನೋಡುವ ಆಸಾಮಿ, ಇದನ್ನು ಬಿಟ್ಟಾನೆಯೇ? ಭಾನುವಾರ ಬೆಳಕು ಹರಿಯುವ ಮುಂಚೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಬಳಿದುಕೊಂಡು, ಕುದೇರಿನ ತನ್ನ ಮನೆಯ ಜಗುಲಿಯ ಮೇಲೆ ಕೂತ. ಉಸಿರು ಹೋಯಿತು, ಬಂತು. ಆಫೀಸಿನ ಫೈಲು ಬಂತು, ಹೋಗಲಿಲ್ಲ. ಕೊನೆಗೆ ಅದೂ ಹೋಗಿ, ಏನೋ ತಣ್ಣಗಿನದು ಇನ್ನೇನು ಸಿಗಬೇಕು, ಎದುರುಮನೆಯ ಪುಟ್ಟಮಾದಮ್ಮನ ದನಿ ಕೇಳಿತು.

"ಸ್ವಾಮಣ್ಣ, ನಮ್ ಮೇಕ ಕಂಡ್ರಾ?"

ಮಾತಾಡಿದರೆ ಧ್ಯಾನ ಕೆಡುತ್ತದೆಂದು ಸ್ವಾಮಿ ಅಲುಗಲಿಲ್ಲ. ಆಕೆ ಹತ್ತಿರ ಬಂದು ನೋಡಿದಳು. ಮಿಂದು, ವಿಭೂತಿ ಬಳಿದು, ಕಣ್ಣು ಮುಚ್ಚಿ ಕೂತವನು ಕರೆದರೂ ಓಗೊಡುವುದಿಲ್ಲವೆಂದರೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ.

"ಮಾದಪ್ಪ, ಸ್ವಾಮಣ್ಣನ ಮೈಮ್ಯಾಲೆ ಬಂದ್ಬುಟ್ಯಾ ನಮ್ಮಪ್ಪ," ಎಂದಳು.

ದೇವರ ಮೇಲೆ ಹೂವಿಟ್ಟು, ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕಾಯುವುದು ಅಲ್ಲಿನವರ ರೂಢಿ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಪುಟ್ಟಮಾದಮ್ಮ ಪೂಜೆಗೆಂದು ಕಿತ್ತಿದ್ದ ಕಣಗಿಲೆಯೊಂದನ್ನು ಸ್ವಾಮಿಯ ನೆತ್ತಿಯ ಮೇಲಿಟ್ಟು ಕೈಮುಗಿದಳು. ಹೂವಿನ ಇರುವೆ ಅವನ ಕಿವಿಗಿಳಿಯಿತು. ತಲೆ ಕೊಡವಿದ, ಹೂವು ಬಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಮೇಕೆ ಅರಿಸಿನದ ಹೊಲದಲ್ಲಿ ಸಿಕ್ಕಿತು.

ಸ್ವಾಮಿ ಹಿತ್ತಲಿಗೆ ಹೋಗಿ ಕೂರುವಷ್ಟರಲ್ಲಿ ಬೀದಿಗೆ ಬೀದಿಯೇ ಹೂವು ಹಿಡಿದು ಬಂತು.

"ಇದು ಧ್ಯಾನ ಕಣವ್ವ, ಡಾಕ್ಟ್ರು ಯೋಳವ್ರೆ," ಎಂದ.

"ಮೈಮ್ಯಾಲೆ ಬಂದದ್ದು ಬಂದೋರ್ಗೆ ಎಲ್ಲಿ ಗೊತ್ತಾದದು ಬುಡಪ್ಪ. ನೀ ಕಣ್ ಮುಚ್ಕ," ಎಂದಳು ಪುಟ್ಟಮಾದಮ್ಮ.

ಹೆಂಡತಿ ಗಂಗಾಂಬಿಕೆಯಾದರೂ ಇವರನ್ನೆಲ್ಲ ಸಾಗಹಾಕಿಯಾಳು ಎಂದುಕೊಂಡ. ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊದಲ ಹೂವನ್ನು ತಾನೇ ಇಟ್ಟಳು.

ಬೇಗನೆ ಸ್ವಾಮಿಗೆ ಒಂದು ಗುಟ್ಟು ತಿಳಿಯಿತು. ಹೂವು ಬೀಳದಿದ್ದರೆ ಜನ ಕದಲುವುದಿಲ್ಲ. ಎಡಕ್ಕೆ ಬಿದ್ದರೆ ಸರಿಯಾಗಿ ಕೇಳಲಿಲ್ಲವೇನೋ ಎಂದು ಮತ್ತೆ ಇಡುತ್ತಾರೆ. ಬಲಕ್ಕೆ ಬಿದ್ದರೆ ಮಾತ್ರ ಕೈಮುಗಿದು ಹೊರಡುತ್ತಾರೆ. ಸರಿ, ಹೂವಿಟ್ಟ ಕೂಡಲೆ ಬಲಕ್ಕೆ ವಾಲತೊಡಗಿದ. ಇವರೆಲ್ಲ ಏನು ಕೇಳುತ್ತಿರಬಹುದು ಎಂಬ ಕುತೂಹಲವೊಂದು ಹೆಚ್ಚಿತೇ ಹೊರತು ಧ್ಯಾನ ಹತ್ತಿರ ಸುಳಿಯಲಿಲ್ಲ.

ಕೊನೆಗೆ ಉಳಿದವನು ಪಕ್ಕದ ಖಾಲಿ ಸೈಟಿನ ರಾಚಯ್ಯ. ಹೂವಿಟ್ಟು ಬಹಳ ಹೊತ್ತು ಗೊಣಗಿಕೊಂಡ. ಸ್ವಾಮಿ ಕಿವಿ ಭುಜಕ್ಕೆ ತಾಗುವಷ್ಟು ವಾಲಿದ. ರಾಚಯ್ಯ ಕಣ್ಣೊರೆಸಿಕೊಂಡು ಹೋದ.

ಆಮೇಲೆ ಹಿತ್ತಲು ನಿಶ್ಶಬ್ದವಾಯಿತು. ಸ್ವಾಮಿ ಉಸಿರು ಗಮನಿಸಿದ. ಫೈಲು ಬರಲಿಲ್ಲ, ಕಂಪ್ಯೂಟರ್ ಬರಲಿಲ್ಲ, ಸ್ವಲ್ಪ ಹೊತ್ತು ಸ್ವಾಮಿಯೂ ಇರಲಿಲ್ಲ. ಕಣ್ಣು ಬಿಟ್ಟಾಗ ಅವನಿಗೆ ಅಳುವಷ್ಟು ಸಂತೋಷವಾಗಿತ್ತು. ನಾಳೆಯಿಂದ ದಿನಾ ಬೆಳಗಿನ ಜಾವ ಇದೇ ಹಿತ್ತಲು ಎಂದು ತೀರ್ಮಾನಿಸಿದ.

ಸಂಜೆ ರಾಚಯ್ಯ ಬಾಳೆಗೊನೆ ಹೊತ್ತು ಬಂದ.

"ಸ್ವಾಮಣ್ಣ, ಈ ಸೈಟಲ್ಲಿ ರಾಗಿ ಮಿಲ್ಲು ಆಕನಾ ಬ್ಯಾಡ್ವಾ ಅಂತ ನಾನು ಒದ್ದಾಡ್ತಿದ್ದಿ. ನಿಮ್ಗೆ ಸದ್ದಾದದು ಅಂತ ಸುಮ್ನಿದ್ದಿ. ಇವತ್ತು ನೀವೇ ಬಲಕ್ಕೆ ಕೊಟ್ರಿ. ಮಿಸನ್ನಿಗೆ ಯೋಳ್ಬುಟ್ಟು ಬಂದಿ."

ಸ್ವಾಮಿ ಹಿತ್ತಲ ಕಡೆ ತಿರುಗಿ ನೋಡಿದ. "ಯಾವೊತ್ತಲ್ಲಿ ಓಡ್ಸೀಯೆ?"

"ತ್ರೀಫೇಸ್ ಕರೆಂಟು ಕೊಡೋದೇ ಬೆಳಗಿನ ಜಾವ ಅಲ್ವಾ? ಆವಾಗ್ಲೇಯ."

ಸ್ವಾಮಿ ಗಂಗಾಂಬಿಕೆಯ ಮುಡಿಯಿಂದ ಹೂವೊಂದನ್ನು ಕಿತ್ತು ರಾಚಯ್ಯನ ಕೈಗೆ ಕೊಟ್ಟು, ಆಗಲೇ ಎಡಕ್ಕೆ ವಾಲಿ ಕೂತ. "ಇನ್ನೊಂದ್ಸಲ ಕೇಳಪ್ಪ."

ರಾಚಯ್ಯ ಹೂವನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ.

"ಬಲಕ್ಕೆ ಬಿದ್ಮ್ಯಾಲೆ ಯಾರಾರ ಇನ್ನೊಂದ್ಸಲ ಕೇಳ್ತಾರಾ, ಸ್ವಾಮಣ್ಣ?"