ಎರಡನೆಯ ದನಿ ಯಾರದು?

ನಿಷ್ಪಕ್ಷಪಾತಿಯಾಗಿರುವುದು ಎಲ್ಲೆಡೆಯೂ ಕಷ್ಟ. ಮಗಳಿರುವ ಮನೆಯಲ್ಲಂತೂ ಅದು ಅಪಾಯಕಾರಿ ಉದ್ಯೋಗ. ಹಿರಿಯರ ಹಾಡು, ಮಾತು, ನೆನಪುಗಳನ್ನು ಧ್ವನಿಮುದ್ರಿಸಿ ಕಾಪಿಡುವುದು ನನ್ನ ಕಸುಬು. ಹೀಗಾಗಿ ಮಗಳ ಕಾಲೇಜಿನ ಸಂಗೀತ ಮೇಷ್ಟ್ರು ನನ್ನನ್ನೇ ಕೇಳಿದರು: "ಸಂಗೀತ ಸ್ಪರ್ಧೆಗೆ ರ‍್ಯಾಪ್ ಸೇರಿಸ್ಕೊಬಹುದಾ ಸರ್? ತಜ್ಞರಾಗಿ ನಾಲ್ಕು ಸಾಲು ಬರೆದುಕೊಡಿ." ನಾನು ಬೇಡವೆಂದರೆ ಬಾಗಿಲು ಮುಚ್ಚಿದಂತೆ. ಆ ಬಾಗಿಲಾಚೆ ನಿಂತಿದ್ದ ಏಕೈಕ ರ‍್ಯಾಪ್ ಕಲಾವಿದೆ ನನ್ನ ಮಗಳು.

"ರಾಗವಿಲ್ಲ, ಆಲಾಪವಿಲ್ಲ. ಇದು ಅವಸರದಲ್ಲಿರುವ ಮಾತು, ಅಷ್ಟೆ," ಎಂದೆ.

"ನೀವು ಬಚ್ಚಲಲ್ಲಿ ಮಾಡೋದು ಸಂಗೀತಾನಾ?" ಅಡುಗೆಮನೆಯಿಂದ ಹೆಂಡತಿಯ ಪ್ರಶ್ನೆ.

"ಅದು ಪ್ರಸ್ತುತವಲ್ಲ."

"ಅಪ್ಪಾ, ಒಂದ್ಸಲ ಪೂರ್ತಿ ಕೇಳು. ಆಮೇಲೆ ಏನ್ ಬೇಕಾದ್ರೂ ಬರಿ," ಎಂದಳು ಮಗಳು. ದನಿಯಲ್ಲಿ ಜಗಳವಿರಲಿಲ್ಲ, ನಾನು ಸೋತದ್ದು ಅದಕ್ಕೇ.

ಕೇಳುವುದೆಂದರೆ ನನಗೆ ಶಾಸ್ತ್ರೋಕ್ತ ಕ್ರಿಯೆ. ಊಟದ ಮೇಜಿನ ಮೇಲೆ ಧ್ವನಿಮುದ್ರಣ ಯಂತ್ರವಿಟ್ಟು, ಸದ್ದಾಗದಿರಲೆಂದು ಫ್ಯಾನು ಆರಿಸಿದೆ. (ನಮ್ಮೊಡನೆಯೇ ಇರುವ ಅತ್ತೆಯವರು ವಿಜ್ಞಾನದ ಹೆಸರಿನಲ್ಲಿ ಬೆವರಿದರು.) ಮಗಳು ಆರಂಭಿಸಿದಳು:

"ಲಿಫ್ಟು ಕೆಟ್ಟು ನಿಂತಿದೆ, ಮೆಟ್ಟಿಲು ಮಂಡಿ ತಿಂದಿದೆ,
ಆರನೆ ಮಹಡಿ ಅಜ್ಜಿಗೆ ಬೀದಿ ಮರೆತೇ ಹೋಗಿದೆ!"

ಆಧಾರವಿಲ್ಲದ ಹೇಳಿಕೆಯನ್ನು ಹಾಗೇ ಬಿಡುವುದು ನನ್ನ ವಿದ್ಯಾಭ್ಯಾಸಕ್ಕೆ ವಿರುದ್ಧ. ತಡೆದು ಕೇಳಿದೆ: "ಯಾರು ಕೆಡಿಸಿದ್ದು? ಎಂದು ಕೆಟ್ಟದ್ದು? ಕಣ್ಣಾರೆ ಕಂಡವರು ಯಾರು?" ಅವಳು ನಿಲ್ಲದೆ ಮುಂದಿನ ಸಾಲಿಗೆ ಹಾರಿದಳು. ನಾನೂ ಬಿಡದೆ ಎರಡು ಸಾಲಿಗೊಮ್ಮೆ ಅವೇ ಪ್ರಶ್ನೆಗಳನ್ನು ಹಾಕಿದೆ. ಮಾಹಿತಿದಾರಳಿಂದ ಅಸಹಕಾರ ಎಂದು ಮನಸ್ಸಿನಲ್ಲೇ ದಾಖಲಿಸಿಕೊಂಡೆ. ಅತ್ತೆಯವರು ಮಾತ್ರ ಏಕೋ ತಲೆದೂಗುತ್ತಿದ್ದರು.

"ಈ ರೆಕಾರ್ಡಿಂಗ್ ನಂಗೆ ಬೇಕು," ಎಂದಳು ಮಗಳು. ಮಾಹಿತಿದಾರರ ಹಕ್ಕನ್ನು ಗೌರವಿಸುವವನಾದ ನಾನು ಕೊಟ್ಟೆ. ಅಂದೇ ನನ್ನ ಅಭಿಪ್ರಾಯವೂ ಹೊರಟಿತು: ರ‍್ಯಾಪ್ ಸಂಗೀತವಲ್ಲ, ಲಯದ ವೇಷ ತೊಟ್ಟ ಮಾತು.

ಮರುದಿನ ಮೇಷ್ಟ್ರ ಫೋನು ಬಂತು.

"ಸರ್, ನಿಮ್ಮ ಅಭಿಪ್ರಾಯ ಬಂತು. ಮಗಳು ಸ್ಪರ್ಧೆಗೆ ಕಳಿಸಿದ ರೆಕಾರ್ಡಿಂಗೂ ಬಂತು. ಒಂದೇ ಅನುಮಾನ. 'ಯಾರು ಕೆಡಿಸಿದ್ದು' ಅಂತ ಪಲ್ಲವಿ ಹಾಡಿರೋ ಎರಡನೇ ದನಿ ಯಾರದು?"

"ಅದು ಪಲ್ಲವಿಯಲ್ಲ, ವಿಚಾರಣೆ!"

"ಏನೇ ಆಗ್ಲಿ, ತಾಳ ಒಂದು ಕಡೇನೂ ತಪ್ಪಿಲ್ಲ. ಸ್ಟಾಫ್ ರೂಮಲ್ಲಿ ಎಲ್ರೂ ಅದನ್ನೇ ಗುನುಗ್ತಿದಾರೆ. ನೀವು ಸಂಗೀತ ಅಲ್ಲ ಅಂದ್ರೆ ತೆಗೆದುಬಿಡ್ತೀವಿ, ಅಷ್ಟೆ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಸ್ವಲ್ಪ ತಡೆಯಿರೆಂದು ಮೇಷ್ಟ್ರಿಗೆ ಹೇಳಿ, ಅವಳಿಂದ ಆ ಧ್ವನಿಮುದ್ರಿಕೆಯನ್ನು ಹಾಕಿಸಿ ಕೇಳಿದೆ. ಲಿಫ್ಟು ಕೆಟ್ಟಿತು, ಮಂಡಿ ನೊಂದಿತು, ಅಜ್ಜಿ ಬೀದಿ ಮರೆತರು. ಪ್ರತಿಸಲವೂ ಸರಿಯಾದ ಕ್ಷಣಕ್ಕೆ ನಾನು ಬಂದು ವಿಚಾರಿಸಿದೆ. ನೋಡಿಕೊಂಡರೆ ನನ್ನ ಕಾಲು ನೆಲ ತಟ್ಟುತ್ತಿತ್ತು. ಸಾಕ್ಷ್ಯ ನನ್ನ ವಿರುದ್ಧವಿತ್ತು. ಸಾಕ್ಷಿಯೂ ನಾನೇ ಆಗಿದ್ದೆ.

"ಸಂಗೀತವೇ ಮೇಷ್ಟ್ರೇ. ಆ ಅಭಿಪ್ರಾಯ ಹರಿದುಹಾಕಿ," ಎಂದೆ.

ಮಗಳು ಕಿರುಚಿದ್ದು ಫೋನಿನಾಚೆಗೂ ಕೇಳಿರಬೇಕು. "ಸಂತೋಷ ಸರ್!" ಎಂದರು ಮೇಷ್ಟ್ರು. "ಹಾಗಾದ್ರೆ ಶುಕ್ರವಾರ ಇಬ್ರೂ ವೇದಿಕೆಗೆ ಬನ್ನಿ. ಜೊತೆಗೆ ಹಾಡೋರು ಹೊರಗಿನವರಾದ್ರೂ ನಡೆಯುತ್ತೆ."

ಈಗ ನಮ್ಮ ಮನೆಯಲ್ಲಿ ತಾಲೀಮು. ವಿಚಿತ್ರವೆಂದರೆ, ಸಂಗೀತವೆಂದು ಒಪ್ಪಿಕೊಂಡ ಗಳಿಗೆಯಿಂದ ನನ್ನ ತಾಳ ತಪ್ಪುತ್ತಿದೆ. ಕಣ್ಣು ಮುಚ್ಚಿ, ಕೈ ಎತ್ತಿ, 'ಯಾ...ರು' ಎಂದು ಎಳೆಯುವಷ್ಟರಲ್ಲಿ ಮಗಳು ಮುಂದಿನ ಮಹಡಿ ಹತ್ತಿರುತ್ತಾಳೆ.

"ಇವರನ್ನ ಬಿಟ್ಟು ನನ್ನನ್ನೇ ಕರ್ಕೊಂಡು ಹೋಗೇ," ಎನ್ನುತ್ತಾರೆ ಅತ್ತೆ.

"ಇರಜ್ಜಿ, ಸರಿಹೋಗ್ತಾನೆ," ಎಂದು ಮಗಳು ನನ್ನ ಭುಜ ತಟ್ಟುತ್ತಾಳೆ. "ಅಪ್ಪಾ, ದಯವಿಟ್ಟು ಹಾಡ್ಬೇಡ. ನನ್ನ ಮೇಲೆ ಅನುಮಾನ ಪಡು, ಸಾಕು."