ತೆಲುಗಿನಲ್ಲಿ ಕಲಿಸಿದ ಇಂಗ್ಲಿಷ್

ತನಗೆ ಗೊತ್ತಿಲ್ಲ ಅನ್ನುವುದನ್ನು ಮುಚ್ಚಿಡಲು ಪ್ರತಿಯೊಬ್ಬ ಮೇಷ್ಟ್ರಿಗೂ ಒಂದೊಂದು ಉಪಾಯವಿರುತ್ತದೆ. ಕೆಲವರು ಕೆಮ್ಮುತ್ತಾರೆ. ಕೆಲವರು ‘ಇದು ಪರೀಕ್ಷೆಗೆ ಬರಲ್ಲ’ ಅನ್ನುತ್ತಾರೆ. ರಾಯಲ್ಪಾಡಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ತೆಲುಗಿಗೆ ಇಳಿಯುತ್ತೇನೆ. ನಮ್ಮ ಶಾಲೆಯ ಮಕ್ಕಳ ಮನೆಮಾತು ಅದೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಾಲೂರಿನವಳಾದ ನನ್ನ ಹೆಂಡತಿಗೆ ಮಾತ್ರ ಈ ಗುಟ್ಟು ಮದುವೆಯಾದ ತಿಂಗಳಲ್ಲೇ ಗೊತ್ತಾಗಿಹೋಯಿತು. “ಕೊತ್ತಂಬರಿ ಎಲ್ಲಿ ಅಂದ್ರೆ ತೆಲುಗಲ್ಲಿ ಗೊಣಗ್ತೀರಲ್ಲ, ಮರೆತು ಬಂದಿದ್ದೀರಿ ತಾನೆ?” ಅನ್ನುತ್ತಾಳೆ.

ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಶಾಹೀನ್ ಬಂದು ಸೇರಿದಳು. ಅವಳ ಅಪ್ಪ ಮಾವಿನ ವ್ಯಾಪಾರಿ, ಕೋಲಾರದ ಮನೆ ಖಾಲಿ ಮಾಡಿ ಸಂಸಾರ ಸಮೇತ ನಮ್ಮೂರಿಗೆ ಬಂದಿದ್ದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ತೆಲುಗಿನ ಗಂಧವೇ ಇಲ್ಲ. ಒಂದು ದಿನ ಬೋರ್ಡಿನ ಮೇಲೆ ‘ವಿ ಲಿವ್ಡ್ ಇನ್ ಕೋಲಾರ್’, ‘ವಿ ಹ್ಯಾವ್ ಲಿವ್ಡ್ ಇನ್ ಕೋಲಾರ್’ ಅಂತ ಎರಡು ವಾಕ್ಯ ಬರೆದಿದ್ದೆ. ಅವಳು ಎದ್ದು ನಿಂತು, “ನಮ್ಮನೆ ಬಗ್ಗೆ ಪ್ರಬಂಧ ಬರೀಬೇಕು ಸಾರ್. ನಾವು ಕೋಲಾರ ಬಿಟ್ಟು ಬಂದಿದ್ದೀವಿ. ಎರಡರಲ್ಲಿ ಯಾವುದು ಬರೀಲಿ?” ಅಂದಳು.

ನಿಜ ಹೇಳಬೇಕೆಂದರೆ, ಅವೆರಡಕ್ಕೂ ಏನು ವ್ಯತ್ಯಾಸ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಯಾರೂ ಕೇಳಿರಲಿಲ್ಲ, ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಮುಖ ಗಂಟು ಹಾಕಿಕೊಂಡು, “ಇದಿ ಅಟ್ಲ, ಅದಿ ಇಟ್ಲ, ಅಂತೇ. ಅರ್ಥಮಯಿಂದಾ?” ಅಂದೆ. ತರಗತಿಯೆಲ್ಲ ಒಕ್ಕೊರಲಿನಿಂದ “ಅಯಿಂದಿ ಸಾರ್” ಅಂದಿತು. ಶಾಹೀನ್ ಅದನ್ನು ಹಾಗೆಯೇ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಾನು ಗೆದ್ದೆ ಅಂದುಕೊಂಡು ಸ್ಟಾಫ್ ರೂಮಿಗೆ ಹೋಗಿ ಟೀ ಕುಡಿದೆ.

ಆ ಹುಡುಗಿ ಏನು ಮಾಡಿದಳು ಅನ್ನುವುದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಉಳಿದವರಿಗೆಲ್ಲ ಅರ್ಥವಾಗಿದೆ, ತೆಲುಗು ಬಾರದ ತನಗೊಬ್ಬಳಿಗೇ ಆಗಿಲ್ಲ ಅಂದುಕೊಂಡು, ಪಕ್ಕದ ಮನೆಯ ಅಜ್ಜಿಯ ಜೊತೆ ದಿನಾ ಸಂಜೆ ಟೊಮೆಟೊ ಆರಿಸುತ್ತಾ ಕೂತು ತೆಲುಗು ಕಲಿತಿದ್ದಳು. ಪ್ರಬಂಧವನ್ನು ಅಲ್ಲಿಯವರೆಗೂ ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಆ ನೋಟುಬುಕ್ಕು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಸಾರ್, ಈಗ ನನಗೆ ತೆಲುಗು ಬರುತ್ತೆ. ನೀವು ಅವತ್ತು ‘ಇದು ಹಾಗೆ, ಅದು ಹೀಗೆ, ಅಷ್ಟೇ’ ಅಂದಿದ್ರಿ. ಹಾಗೆ ಅಂದ್ರೆ ಹೇಗೆ ಸಾರ್?”

ಅವಳ ಮುಖದಲ್ಲಿ ಕೊಂಕು ಇರಲಿಲ್ಲ. ಇನ್ನೂ ತನ್ನ ತೆಲುಗೇ ಸಾಲದೇನೋ ಅನ್ನುವ ಅಳುಕಿತ್ತು. “ನನಗೆ ಗೊತ್ತಿರಲಿಲ್ಲಮ್ಮ. ಓದಿಕೊಂಡು ನಾಳೆ ಹೇಳ್ತೀನಿ” ಅಂದೆ, ಕನ್ನಡದಲ್ಲಿ. ಮಾರನೇ ದಿನ ಹೇಳಿದೆ: ಬಿಟ್ಟು ಬಂದಾಯಿತು ಅಂದರೆ ಮೊದಲನೆಯದು, ಇಷ್ಟು ವರ್ಷದಿಂದ ಇನ್ನೂ ಅಲ್ಲೇ ಇದ್ದೀವಿ ಅನ್ನಬೇಕಾದರೆ ಎರಡನೆಯದು.

“ಇಷ್ಟೇನಾ ಸಾರ್?”

“ಇಷ್ಟೇ.”

ಅವಳು “ಅವತ್ತೇ ಗೊತ್ತಿಲ್ಲ ಅಂದಿದ್ರೆ ಮಾರನೇ ದಿನಾನೇ ಗೊತ್ತಾಗ್ತಿತ್ತಲ್ಲ ಸಾರ್” ಅಂದು ಪ್ರಬಂಧ ಬರೆಯಲು ಹೋಗಿ ಕೂತಳು. ಒಂದು ಭಾಷೆ ಕಲಿಯಲು ಅವಳಿಗೆ ಎರಡು ತಿಂಗಳು ಸಾಕಾಯಿತು. ‘ಗೊತ್ತಿಲ್ಲ’ ಅನ್ನುವ ಒಂದು ಮಾತು ಕಲಿಯಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು, ಅದೂ ಸಂಬಳ ತೆಗೆದುಕೊಂಡು.